ಟಗರು ಒಡೆಯಬೇಕಿದ್ದ ಕಾಯಿ

ಅರಸೀಕೆರೆ ಬಸ್ ನಿಲ್ದಾಣದ ಎದುರಿನ ಬೇಕರಿಗೆ ಬ್ರೆಡ್ಡು ತರಲು ಹೋದವಳು ಸುಮ್ಮನೆ ತಲೆಯೆತ್ತಿದೆ. ಕರೆಂಟು ಕಂಬಕ್ಕೆ ಬಿಗಿದಿದ್ದ ಫ್ಲೆಕ್ಸಿನಲ್ಲಿ ನಾನು ನಗುತ್ತಿದ್ದೆ. ಯಾರದೋ ಮದುವೆಯಲ್ಲಿ ತೆಗೆದ ಫೋಟೋ ಅದು. ಪಕ್ಕದಲ್ಲಿದ್ದವರನ್ನು ಕತ್ತರಿಸಿ ತೆಗೆದಿದ್ದರೂ ಅವರ ಭುಜದ ಒಂದು ಚೂರು ನನ್ನ ಕಿವಿಯ ಹತ್ತಿರ ಉಳಿದುಕೊಂಡಿತ್ತು. ಕೆಳಗೆ ‘ಮುಖ್ಯ ಅತಿಥಿಗಳು: ತಾಲ್ಲೂಕಿನ ಹೆಮ್ಮೆಯ ಮಾಜಿ ಕಬಡ್ಡಿ ಆಟಗಾರ್ತಿ’ ಎಂದು ಬರೆದಿದ್ದರು. ಮಾಜಿ ಎನ್ನುವುದನ್ನು ನನ್ನ ಮಂಡಿಗಳೇ ದಿನವೂ ಹೇಳುತ್ತವೆ, ಫ್ಲೆಕ್ಸಿನವರು ಹೇಳಬೇಕಿರಲಿಲ್ಲ. ನನ್ನ ಪಕ್ಕದಲ್ಲಿ, ನನಗಿಂತ ಎಷ್ಟೋ ಪಾಲು ದೊಡ್ಡದಾಗಿ, ಚೆಂಡುಹೂವಿನ ಹಾರ ಹಾಕಿಕೊಂಡು, ಕಂಪ್ಯೂಟರಿನಲ್ಲಿ ತೊಡಿಸಿದ ಕಪ್ಪು ಕನ್ನಡಕದಲ್ಲಿ ಒಂದು ಟಗರು ನಿಂತಿತ್ತು. ಹೆಸರು ಬುಲೆಟ್. ಅದರ ಕಾಲಿನ ಬುಡದಲ್ಲಿ ‘ನಮ್ಮ ತಂಡದ ಮ್ಯಾಸ್ಕಾಟ್’ ಎಂದಿತ್ತು, ಎಂದರೆ ತಂಡದ ಅದೃಷ್ಟದ ಗುರುತು.

“ಟಗರು ಸಕತ್ತಾಗಿ ಬಂದೈತೆ ಅಲ್ವಾ ಮೇಡಂ?” ಅಂದ ಬೇಕರಿಯವನು.

“ನಾನು?”

ಅವನು ಇನ್ನೊಮ್ಮೆ ಕಣ್ಣು ಕಿರಿದು ಮಾಡಿ ನೋಡಿದ. “ಓ, ನೀವೂ ಇದೀರ!”

ನಗಬೇಕಾದ ಹೊತ್ತು ಅದು, ನಕ್ಕೆ ಕೂಡ. ಮನೆಗೆ ಬಂದು ಬ್ರೆಡ್ಡಿನ ಪೊಟ್ಟಣ ಬಿಚ್ಚುವಾಗ ಮಾತ್ರ ಆ ಟಗರಿನ ಹಣೆ ಕಣ್ಣಿಗೆ ಬಂತು. ಹಣೆಯ ತುಂಬ ಕುಂಕುಮ. ಇಂಥದೇ ಒಂದು ಹಣೆಯನ್ನು ನಾನು ಹಿಂದೆ ಹತ್ತಿರದಿಂದ ನೋಡಿದ್ದೇನೆ. ನೋಡಿದ್ದೇನೆ ಎಂದುಕೊಂಡಿದ್ದೇನೆ. ಈ ಎರಡರ ನಡುವಿನ ವ್ಯತ್ಯಾಸದ ಬಗ್ಗೆಯೇ ನಿಮ್ಮೊಡನೆ ಸ್ವಲ್ಪ ಕೂತು ಮಾತಾಡಬೇಕು.

ನಮ್ಮೂರು ಹಾರನಹಳ್ಳಿ ರಸ್ತೆಯಿಂದ ಸ್ವಲ್ಪ ಒಳಗೆ. ಟೆಂಪೋದವರು ಕೂಗಿ ಇಳಿಸದಿದ್ದರೆ ತಿರುವು ಗೊತ್ತಾಗುವುದಿಲ್ಲ. ಅಲ್ಲಿ ವರ್ಷಕ್ಕೊಮ್ಮೆ ಕಬಡ್ಡಿ ಪಂದ್ಯಾವಳಿ ನಡೆಯುತ್ತದೆ. ಗೆದ್ದವರಿಗೆ ಟಗರು ಬಹುಮಾನ ಕೊಡುವುದು ನಮ್ಮ ಕಡೆ ಎಲ್ಲೆಲ್ಲೂ ಇದೆ, ನೀವೂ ಪೋಸ್ಟರಿನಲ್ಲಿ ನೋಡಿರುತ್ತೀರಿ. ಬೇರೆ ಊರಿನವರು ಆ ಟಗರನ್ನು ಎರಡೇ ದಿನಕ್ಕೆ ಸಾರು ಮಾಡಿ ಮುಗಿಸುತ್ತಾರೆ. ನಮ್ಮೂರಿನವರು ಮುಗಿಸುವುದಿಲ್ಲ. ಕಟ್ಟಿ ಸಾಕಿ, ಬೇಲೂರು, ಹಳೇಬೀಡು, ಗೆಂಡೆಹಳ್ಳಿ ಎಂದು ತಂಡ ಎಲ್ಲಿಗೆ ಆಡಲು ಹೋದರೂ ಗೂಡ್ಸ್ ಆಟೋದಲ್ಲಿ ಜೊತೆಗೆ ಒಯ್ಯುತ್ತಾರೆ. ಆಟಕ್ಕೆ ಮೊದಲು ಎರಡು ಬೊಂಬು ನೆಟ್ಟು, ನಡುವೆ ಹಗ್ಗದಲ್ಲಿ ಒಂದು ತೆಂಗಿನಕಾಯಿ ಇಳಿಬಿಡುತ್ತಾರೆ. ಟಗರಿನ ಹಣೆಗೆ ಕುಂಕುಮ ಬಳಿದು, ಪಟಾಕಿ ಹಚ್ಚಿ, ತಮಟೆ ಬಾರಿಸಿ, ಆ ಕಾಯಿಗೆ ಗುದ್ದಿಸುತ್ತಾರೆ. ಕಾಯಿ ಒಡೆದರೆ ಗೆಲುವು ನಮ್ಮದು ಎಂದು ನಂಬಿಕೆ.

ಕಾಯಿ ಒಡೆಯದೆ ನಮ್ಮ ಸೀಮೆಯಲ್ಲಿ ಯಾವುದೂ ಶುರುವಾಗುವುದಿಲ್ಲ, ಅದು ಸರಿ. ಹೊಸ ಟ್ರ್ಯಾಕ್ಟರಿಗೂ ಒಡೆಯುತ್ತೇವೆ, ಬೋರ್‌ವೆಲ್ಲಿಗೂ ಒಡೆಯುತ್ತೇವೆ, ಕೆಟ್ಟು ರಿಪೇರಿಯಾಗಿ ಬಂದ ಮಿಕ್ಸಿಗೆ ಒಡೆದವರನ್ನೂ ಬಲ್ಲೆ. ಕೊಬ್ಬರಿ ಮಾರಿ ಬದುಕುವ ಊರುಗಳಿಗೆ ಅದು ಶೋಭೆಯೇ. ಆದರೆ ಕೈಯಲ್ಲಿ ಒಡೆಯಬಹುದಾದ್ದನ್ನು ಟಗರಿನ ತಲೆಯಲ್ಲಿ ಒಡೆಸುವುದನ್ನು ಯಾರು ಕಂಡುಹಿಡಿದರು? ಕೇಳಿದರೆ “ಹಿಂದ್ಲಿಂದ್ಲೂ ಐತೆ” ಎನ್ನುತ್ತಾರೆ. ನಮ್ಮೂರಲ್ಲಿ ‘ಹಿಂದಿನಿಂದಲೂ’ ಎಂದರೆ, ಹೇಳುವವನ ಚಿಕ್ಕಪ್ಪನ ಮೀಸೆ ಕಪ್ಪಗಿದ್ದ ಕಾಲದಿಂದ ಎಂದರ್ಥ. ಅದಕ್ಕಿಂತ ಹಿಂದೆ ಯಾರೂ ಹೋಗುವುದಿಲ್ಲ.

ಈಗ ದೊಡ್ಡವ್ವನ ವಿಷಯ. ನನ್ನ ತಂದೆಯ ಅಣ್ಣನ ಹೆಂಡತಿ. ಗಟ್ಟಿ ದನಿ, ಗಟ್ಟಿ ಹೆಜ್ಜೆ, ಅರ್ಧ ಊರಿನ ಜೊತೆ ಮಾತು ಬಿಟ್ಟವಳು, ಉಳಿದರ್ಧಕ್ಕೆ ಬುದ್ಧಿ ಹೇಳುತ್ತಿದ್ದವಳು. ಕಬಡ್ಡಿ ಎಂದರೆ ಪ್ರಾಣ. ನಾನು ಕಾಲೇಜು ತಂಡದಲ್ಲಿ ಮೂಲೆಯಲ್ಲಿ ನಿಂತು ಕಾಲು ಹಿಡಿಯುವ ಆಟಗಾರ್ತಿ ಎಂದು ತಿಳಿದಾಗ ಅವಳೊಬ್ಬಳೇ ಸಂತೋಷಪಟ್ಟದ್ದು. “ಹಿಡುದ್ರೆ ಬಿಡ್ಬ್ಯಾಡ ಕಣೇ, ಪಾದ ಅಲ್ಲ, ಹಿಮ್ಮಡಿ ಮ್ಯಾಗಳ ಗಂಟು ಹಿಡಿ” ಎಂದು ಅಡಿಗೆಮನೆಯಲ್ಲೇ ನನ್ನ ಕಾಲು ಹಿಡಿದು ಬೀಳಿಸಿ ತೋರಿಸಿದ್ದಳು. ಹಿಟ್ಟಿನ ಕೋಲು ಇನ್ನೊಂದು ಕೈಯಲ್ಲೇ ಇತ್ತು.

ಅವಳ ಹಟ್ಟಿಯಲ್ಲಿ ಗುಂಡ ಎಂಬ ಟಗರಿತ್ತು. ಹುರುಳಿ ನೆನೆಸಿ ತಿನ್ನಿಸುತ್ತಿದ್ದಳು. ಆ ವರ್ಷ ತಂಡಕ್ಕೆ ಸ್ವಂತ ಟಗರಿರಲಿಲ್ಲ. ಗೆಂಡೆಹಳ್ಳಿಯವರ ಮೇಲೆ ಪಂದ್ಯ. ಹುಡುಗರು ಗುಂಡನನ್ನು ಹಿಡಿದುಕೊಂಡು ಹೋದರು.

ನನಗೆ ನೆನಪಿರುವುದು ಹೀಗೆ. ನಾನು ಹೆಂಗಸರ ಜೊತೆ ಟ್ರೇಲರಿನ ಮೇಲೆ ಕೂತಿದ್ದೆ. ಗುಂಡ ಗುದ್ದಿತು. ಕಾಯಿ ತೂಗಾಡಿತು, ಒಡೆಯಲಿಲ್ಲ. ಮತ್ತೆ ಗುದ್ದಿಸಿದರು. ನಮ್ಮ ಕಡೆಯ ಕಾಯಿ ಎಂದರೆ ಸಾಮಾನ್ಯವೇ, ಚಿಪ್ಪು ಕಲ್ಲಿನಂಥದು. ಆಮೇಲೆ ಟಗರು ಹಿಂದೆ ಸರಿಯಿತು. ಯಾರೋ ಬಾಲ ತಿರುಚಿದ. ಪಟಾಕಿ ಸದ್ದಿಗೆ ಬೆದರಿ ಮತ್ತೆ ನುಗ್ಗಿತು. ಆಗ ನನ್ನ ಪಕ್ಕದಲ್ಲಿದ್ದ ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಇಳಿದಳು. ಅಂಕಣದ ಗೆರೆ ದಾಟಿ ನೇರ ನಡುವಿಗೆ ಹೋದಳು. ಹೆಂಗಸರು ಅಂಕಣ ತುಳಿಯುವ ಪದ್ಧತಿಯೇ ಇಲ್ಲದ ಊರು ಅದು. ತಮಟೆ ತಾನಾಗಿ ನಿಂತಿತು. ಅವಳು ಗುಂಡನ ಹಣೆಯನ್ನು ಸೆರಗಿನಿಂದ ಒರೆಸಿ, ಸೆರಗನ್ನೇ ನೋಡುತ್ತ ನಿಂತಳು.

“ಕುಂಕುಮ ಯಾವಾಗ್ಲಾ ಒದ್ದೆ ಆಗಿದ್ದು?” ಅಂದಳು.

ಸೆರಗನ್ನು ಎತ್ತಿ ಹುಡುಗರ ಕಡೆ ಹಿಡಿದಳು.

“ನಿಮ್ಗೆ ಗೆಲ್ಲೋ ಗುಂಡಿಗೆ ಇದ್ರೆ ನಿಮ್ ನಿಮ್ ತಲೇಲಿ ಗುದ್ಕಂಡು ಒಡೀರ್ಲಾ!”

ಟಗರಿನ ಹಗ್ಗ ಹಿಡಿದು ಹೊರಟೇ ಹೋದಳು. ತಂಡ ಸೋತಿತು. ಅವಳು ಬದುಕಿದ್ದಷ್ಟು ದಿನವೂ ಆ ಸೋಲನ್ನು ಅವಳ ತಲೆಗೇ ಕಟ್ಟಿದರು.

ಎಷ್ಟು ಚೆನ್ನಾಗಿದೆ ಅಲ್ಲವೇ? ಇಷ್ಟು ಚೆನ್ನಾಗಿರುವುದೇ ನನಗೆ ಅನುಮಾನ. ನಾನು ಪಿಯುಸಿಯಿಂದಲೂ ದಿನಚರಿ ಬರೆಯುವವಳು. ಆ ದಿನದ ಪುಟ ತೆರೆದು ನೋಡಿದೆ. ‘ಗೆಂಡೆಹಳ್ಳಿಯವರ ಮೇಲೆ ಸೋತರು. ಬಿಸಿಲಿಗೆ ತಲೆನೋವು.’ ಇಷ್ಟೇ. ಟಗರೂ ಇಲ್ಲ, ದೊಡ್ಡವ್ವನೂ ಇಲ್ಲ. ಇಷ್ಟು ದೊಡ್ಡ ಘಟನೆ ನಡೆದಿದ್ದರೆ ತಲೆನೋವಿನ ಬಗ್ಗೆ ಯಾಕೆ ಬರೆಯುತ್ತಿದ್ದೆ? ಮೈಸೂರಿನಲ್ಲಿ ಇತಿಹಾಸ ಓದಿದವಳು ನಾನು. ಬೇರೆಯವರ ಸಾಕ್ಷ್ಯವನ್ನು ಅನುಮಾನಿಸುವುದನ್ನು ಅಲ್ಲಿ ಚೆನ್ನಾಗಿ ಕಲಿಸಿದರು. ಆ ಕತ್ತಿ ನನ್ನ ಕಡೆಗೇ ತಿರುಗಿ ನಿಲ್ಲುತ್ತದೆಂದು ಯಾರೂ ಹೇಳಿರಲಿಲ್ಲ.

ಹಾಗಾಗಿ ಮಂಜನಿಗೆ ಫೋನು ಮಾಡಿದೆ. ಮಂಜ ದೊಡ್ಡವ್ವನ ಮಗ, ನನಗೆ ತಮ್ಮ. ಈಗ ಪಂದ್ಯಾವಳಿ ನಡೆಸುವವನೂ ಅವನೇ, ಬುಲೆಟ್‌ನನ್ನು ಸಾಕಿರುವವನೂ ಅವನೇ. ಈ ಸಲ ಮೊದಲ ಬಾರಿಗೆ ಹೆಣ್ಣುಮಕ್ಕಳ ಪಂದ್ಯ ಇಟ್ಟಿದ್ದ. ಅದನ್ನು ಉದ್ಘಾಟಿಸುವುದಕ್ಕೇ ನನ್ನನ್ನು ಕರೆದದ್ದು.

“ಅಕ್ಕಾ, ಫ್ಲೆಕ್ಸ್ ನೋಡಿದ್ಯಾ? ಹೆಂಗೈತೆ?”

“ನಾನೂ ಇದೀನಂತೆ.” ಆಮೇಲೆ ದೊಡ್ಡವ್ವನ ಕಥೆ ಹೇಳಿದೆ.

ಅವನು ಬಿದ್ದು ಬಿದ್ದು ನಕ್ಕ. “ರಕ್ತ ಎಲ್ಲಿತ್ತಕ್ಕಾ? ಕುಂಕುಮಕ್ಕೆ ಬೆವ್ರು ಬೆರ್ತಿತ್ತು ಅಷ್ಟೇಯ. ಅವ್ವಂಗೆ ಸಿಟ್ಟು ಬಂದಿದ್ದು ಕೇಳ್ದೆ ಹೊಡ್ಕೊಂಡ್ ಹೋದ್ರು ಅಂತ. ಆ ಟಗರು ಹೊಸತೊಡಕಿಗೆ ಅಂತ ಬಿಟ್ಟಿದ್ದು. ಯುಗಾದಿ ಮಾರ್ನೇ ದಿನ ನಮ್ಮನೇಲೇ ಊಟ ಆಗಿದ್ದು ಮರ್ತೋದ್ಯಾ? ಮೂಳೆ ಚೀಪ್ಕೊಂಡು ‘ದೊಡ್ಡವ್ವಾ ಇನ್ನೊಂಚೂರು’ ಅಂದಿದ್ದೋಳು ನೀನೇಯ.”

ಇದು ನಿಜ. ರಕ್ತದ ಬಗ್ಗೆ ಆಣೆ ಮಾಡಲಾರೆ, ಆ ಸಾರಿನ ಬಗ್ಗೆ ಮಾಡಬಲ್ಲೆ. ನೆನಪು ನಾಲಿಗೆಯ ಹತ್ತಿರ ಮಾತ್ರ ಅಷ್ಟು ಪ್ರಾಮಾಣಿಕ.

“ಬಾಡು ತಿನ್ನೋಳು ಟಗರಿನ ಪರ ಮಾತಾಡ್ತೀಯಲ್ಲಕ್ಕಾ, ನಗು ಬರಲ್ವಾ?” ಅಂದ ಮಂಜ. “ಹಳೇಬೀಡು ಬೇಲೂರು ಗೋಡೆ ನೋಡು. ಆನೆ, ಸಿಂಹ, ಕುದ್ರೆ, ತುಂಬಾ ಪ್ರಾಣಿಗಳೇ. ನಮ್ ಸಂಸ್ಕೃತೀಲೇ ಐತೆ.”

“ಆ ಶಿಲ್ಪಿ ಆನೇನ ನೋಡಿ, ಮನೆಗೆ ಬಂದು, ಕಲ್ಲಲ್ಲಿ ಕೆತ್ತಿದ ಕಣೋ. ಆನೇನೇ ತಂದು ಗೋಡೆಗೆ ಕಟ್ಟಲಿಲ್ಲ. ನೀನೂ ಅಂಗೀ ಮೇಲೆ ಟಗರು ಬರೆಸ್ಕೋ, ಬಾವುಟ ಮಾಡ್ಕೋ. ಫ್ಲೆಕ್ಸಲ್ಲಿ ನನ್ನ ತೆಗೆದುಹಾಕಿ ಅದನ್ನೇ ಪೂರ್ತಿ ಹಾಕು, ಬೇಜಾರಿಲ್ಲ.”

ಅವನ ದನಿ ಬದಲಾಯಿತು. “ನೋಡಕ್ಕಾ, ಜನ ಬರೋದೇ ಕಾಯಿ ಗುದ್ಸೋದು ನೋಡಾಕೆ. ಟಗರಿಲ್ಲ ಅಂದ್ರೆ ಜನ ಇಲ್ಲ. ಜನ ಇಲ್ಲ ಅಂದ್ರೆ ಕಮಿಟಿಯೋರು ಮೊದ್ಲು ಎತ್ತಾಕೋದು ಹೆಣ್ಮಕ್ಳ ಮ್ಯಾಚ್ನೇಯ. ನೀನು ಬರ್ದೆ ಮುನಿಸ್ಕಂಡ್ರೂ ಅದೇ ಕಥೆ. ನೀನೇ ಯೋಚ್ನೆ ಮಾಡು.”

ಫೋನು ಇಟ್ಟಮೇಲೆ ಯೋಚನೆ ಮಾಡಿದೆ. ಊಟದ ಪ್ರಶ್ನೆ ನನ್ನನ್ನು ಬಿಡುವುದಿಲ್ಲ, ಬಿಡಬಾರದು ಕೂಡ. ಅದು ನನ್ನ ತಟ್ಟೆಯ ಜೊತೆ ನಾನೇ ಮಾಡಬೇಕಾದ ಜಗಳ. ಆ ಜಗಳ ಮುಗಿಯುವವರೆಗೆ ಬೇರೆ ಯಾವ ಸಂಕಟದ ಬಗ್ಗೆಯೂ ಬಾಯಿ ತೆರೆಯಬಾರದೆಂದರೆ, ಅನ್ನ ಉಣ್ಣುವ ಯಾರೂ ಯಾವುದರ ಬಗ್ಗೆಯೂ ಮಾತಾಡುವಂತಿಲ್ಲ. ಇಷ್ಟಕ್ಕೂ ಕಬಡ್ಡಿ ನನಗೆ ಕಲಿಸಿದ್ದೇನು? ಗೆರೆಯನ್ನು ದಾಟುವವನು ತಾನಾಗಿ ದಾಟಬೇಕು. ಉಸಿರು ಅವನದು, ಭಯ ಅವನದು, ತಿರುಗಿ ಬರುವ ಆಸೆಯೂ ಅವನದೇ. ಔಟಾದರೆ ಎದ್ದು ಹೊರಗೆ ಕೂತು ಮೈ ಒರೆಸಿಕೊಳ್ಳಬಹುದು. ಟಗರನ್ನು ಯಾರೂ ‘ಆಡ್ತೀಯಾ?’ ಎಂದು ಕೇಳಲಿಲ್ಲ. ಅದಕ್ಕೆ ಔಟಾಗುವ ದಾರಿಯೂ ಇಲ್ಲ. ನಮ್ಮ ಗೆಲುವಿನ ಭಯವನ್ನೆಲ್ಲ ಅದರ ಹಣೆಗೆ ಬಳಿದು, ಅದಕ್ಕೆ ಹೆಮ್ಮೆ ಎಂದು ಹೆಸರಿಡುತ್ತೇವೆ.

ಮಾರನೇ ಸಂಜೆ ಟೆಂಪೋ ಹಿಡಿದು ಊರಿಗೆ ಹೋದೆ. ಮಂಜ ಮನೆಯಲ್ಲಿರಲಿಲ್ಲ. ಒಳ್ಳೆಯದೇ ಆಯಿತು. ಬುಲೆಟ್ ಹಿತ್ತಲಲ್ಲಿತ್ತು. ಉಣ್ಣೆಗೆ ತಂಡದ ಬಣ್ಣವೆಂದು ನೀಲಿ ಬಳಿದಿದ್ದರು. ಸಾಕಿದ ಟಗರುಗಳ ಅಭ್ಯಾಸ ನಿಮಗೆ ಗೊತ್ತಿರಬಹುದು, ಅಂಗೈ ಚಾಚಿದರೆ ಹಣೆ ತಂದು ಒತ್ತುತ್ತವೆ, ಕೆರೆಸಿಕೊಳ್ಳಲು. ಗುಂಡ ಹಾಗೇ ಮಾಡುತ್ತಿತ್ತು. ನಾನು ಅಂಗೈ ಚಾಚಿದೆ. ಬುಲೆಟ್ ಹಗ್ಗ ಬಿಗಿಯುವವರೆಗೆ ಹಿಂದೆ ಸರಿದು, ಗೋಡೆಗೆ ಬೆನ್ನು ಕೊಟ್ಟು ನಿಂತಿತು. ಕೊಂಬುಗಳ ನಡುವೆ ಕೂದಲೇ ಇರಲಿಲ್ಲ. ಚರ್ಮ ದಪ್ಪಗಟ್ಟಿ, ನಡುವೆ ಒಂದು ಹಳೆಯ ಸೀಳು. ಬೀದಿಯಲ್ಲಿ ಯಾರದೋ ಬೈಕು ಡಬ್ಬೆಂದು ಸದ್ದು ಮಾಡಿತು. ಟಗರು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು.

ಅಲ್ಲಿ ನಿಂತಿದ್ದಾಗ ನನಗೊಂದು ವಿಷಯ ಹೊಳೆದು ನಾಚಿಕೆಯೂ ಆಯಿತು, ಹಗುರವೂ ಆಯಿತು. ಇಷ್ಟು ದಿನ ನಾನು ದೊಡ್ಡವ್ವನ ಸೆರಗನ್ನು ಸಾಕ್ಷಿಗೆ ಹುಡುಕುತ್ತಿದ್ದೆ. ಹಿರಿಯಳೊಬ್ಬಳು ಹಿಂದೆ ಬೇಡ ಎಂದಿದ್ದರೆ ಮಾತ್ರ ಈಗ ಬೇಡ ಎನ್ನಬಹುದು ಎನ್ನುವ ಹಾಗೆ. ಹಾಗಾದರೆ ನನಗೂ, ‘ಹಿಂದ್ಲಿಂದ್ಲೂ ಐತೆ’ ಎನ್ನುವವರಿಗೂ ಏನು ವ್ಯತ್ಯಾಸ? ಅಂದು ಒದ್ದೆಯಾದದ್ದು ಬೆವರೋ ರಕ್ತವೋ, ಆ ಮಾತು ಅವಳು ಆಡಿದ್ದೋ ನಾನು ಕಟ್ಟಿದ್ದೋ, ಇರಲಿ ಬಿಡಿ. ಈ ಹಣೆ ನನ್ನ ಕಣ್ಣೆದುರಿಗಿದೆ.

ಆದರೂ ನನ್ನ ಹಟಕ್ಕೆ ದಂಡ ಕಟ್ಟುವವರು ಬೇರೆಯವರಾಗಬಾರದು. ನಮ್ಮೂರ ಹೆಣ್ಣುಮಕ್ಕಳ ತಂಡದ ನಾಯಕಿ ಕಾವ್ಯ, ಅರಸೀಕೆರೆಗೆ ಕಾಲೇಜಿಗೆ ಬರುತ್ತಾಳೆ. ಶಾಲೆಯ ಬಯಲಿನಲ್ಲಿ ಅಭ್ಯಾಸ ಮುಗಿಸಿ ಕೂತಿದ್ದಳು. ಹೋಗಿ ಎಲ್ಲ ಹೇಳಿದೆ.

ಅವಳು ಮುಖ ಗಂಟಿಕ್ಕಿದಳು. “ನೀವು ಬಂದು ಮಾತಾಡಿ ಹೋಗ್ತೀರ ಮೇಡಂ. ಮ್ಯಾಚ್ ಹೋದ್ರೆ ನಮ್ದು ಹೋಗೋದು. ಇದಕ್ಕೆ ಅಂತ ಮನೇಲಿ ಎಷ್ಟು ಜಗಳ ಆಡಿದೀನಿ ಗೊತ್ತಾ?”

“ಅದಕ್ಕೇ ಕೇಳೋಕೆ ಬಂದೆ ಕಣಮ್ಮ.”

ಅವಳು ಮಂಡಿಯ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿಕೊಂಡಳು. “ನಿಜ ಹೇಳ್ಬೇಕಂದ್ರೆ ಆ ಕಾಯಿ ಗುದ್ದಿಸೋದು ನಮ್ಗೂ ಕಾಟಾನೇ. ಅದು ಮುಗಿಯೋವರೆಗೂ ನಾವು ಮೈ ಬಿಸಿ ಮಾಡ್ಕೊಂಡು ನಿಂತಿರ್ಬೇಕು, ಅಷ್ಟರಲ್ಲಿ ಆರೋಗಿರುತ್ತೆ. ಪಟಾಕಿ ಹೊಗೇಲಿ ಉಸಿರು ಕಟ್ಟೋದು ಹೆಂಗೆ? ನೀವು ಬರದೇ ಇರೋದು ಬೇಡ ಮೇಡಂ. ಬನ್ನಿ. ಬಂದು ಏನು ಮಾಡ್ತೀರೋ ಮಾಡಿ. ಆದ್ರೆ ಸೀಟಿ ಊದೋದು ತಡ ಆಗಬಾರ್ದು.”

ಆಟಗಾರ್ತಿ ಎಂದರೆ ಹೀಗಿರಬೇಕು. ನನ್ನ ತತ್ತ್ವವನ್ನೆಲ್ಲ ಒಂದು ಸೀಟಿಯೊಳಗೆ ಮುಗಿಸಲು ಹೇಳಿದಳು.

ಭಾನುವಾರ ಮಧ್ಯಾಹ್ನ ಹೋದೆ. ಜನ ಸೇರಿದ್ದರು, ಮಂಜ ಹೇಳಿದ್ದು ಸುಳ್ಳಲ್ಲ. ಅಂಕಣದ ಪಕ್ಕ ಬೊಂಬು, ಹಗ್ಗ, ಕಾಯಿ. ಮೈಕಿನವನು “ಈಗ ನಮ್ಮ ಮುಖ್ಯ ಅತಿಥಿಗಳು ನಮ್ಮೆಲ್ಲರ ಹೆಮ್ಮೆಯ ಬುಲೆಟ್‌ಗೆ ಕುಂಕುಮ ಹಚ್ಚಿ ಪಂದ್ಯಕ್ಕೆ ಚಾಲನೆ ಕೊಡಬೇಕಾಗಿ...” ಎಂದ. ಯಾರೋ ಕುಂಕುಮದ ತಟ್ಟೆ ಕೈಗಿತ್ತರು. ಆ ಕಡೆ ಇಬ್ಬರು ಹಿಡಿದುಕೊಂಡಿದ್ದ ಬುಲೆಟ್‌ನ ನೀಲಿ ಪಕ್ಕೆಗಳು ಏರಿಳಿಯುತ್ತಿದ್ದವು.

ತಟ್ಟೆಯನ್ನು ನೆಲಕ್ಕಿಟ್ಟೆ. ಕಾಯಿಯ ಹತ್ತಿರ ಹೋಗಿ ಹಗ್ಗ ಎಳೆದೆ. ಬಿಗಿಯಾಗಿ ಕಟ್ಟಿದ್ದರು. ಜೋತುಬಿದ್ದು ಎಳೆದೆ, ಒಂದು ಕಡೆಯ ಬೊಂಬೇ ವಾಲಿಕೊಂಡು ಬಂತು. ಜನ ಹೋ ಎಂದರು. ಕಾಯಿ ಬಿಡಿಸಿಕೊಂಡು, ಅಂಕಣ ಸಮ ಮಾಡುವ ರೋಲರ್ ಕಲ್ಲು ಪಕ್ಕದಲ್ಲೇ ಇತ್ತು, ಅದಕ್ಕೆ ಬೀಸಿ ಹೊಡೆದೆ. ಕಾಯಿ ಒಡೆಯಲಿಲ್ಲ. ಕೈಯಿಂದ ಜಾರಿ ಉರುಳುತ್ತ ನಡುಗೆರೆ ದಾಟಿ ಎದುರು ತಂಡದ ಕಡೆ ಹೋಯಿತು.

“ಅಕ್ಕ ರೈಡ್ ಹೋದ್ಲು ಕಣ್ರೋ!” ಎಂದು ಹಿಂದಿನಿಂದ ಕೂಗು.

“ಯಾಕಕ್ಕಾ, ಟಗರಿಗೆ ಕೆಲ್ಸ ಇಲ್ದಂಗ್ ಮಾಡ್ದೆ?” ಎಂದ ಇನ್ನೊಬ್ಬ.

“ನೀನೇ ಬಾರೋ, ನಿನ್ನ ಹಣೆ ಚೆನ್ನಾಗಿದೆ” ಎಂದೆ. ಮೈಕು ಹತ್ತಿರವೇ ಇದ್ದುದರಿಂದ ಊರಿಗೆಲ್ಲ ಕೇಳಿಸಿತು. ಅವನ ಗೆಳೆಯರೇ ಅವನನ್ನು ಮುಂದೆ ತಳ್ಳಿ ನಕ್ಕರು.

ಕಾವ್ಯ ಓಡಿಹೋಗಿ ಕಾಯಿ ಎತ್ತಿ ತಂದು ಕೊಟ್ಟಳು. “ಬೇಗ ಮೇಡಂ” ಎಂದಳು, ಪಿಸುದನಿಯಲ್ಲಿ. ಎರಡೂ ಕೈಯಲ್ಲಿ ಹಿಡಿದು ಹೊಡೆದೆ. ಒಡೆಯಿತು. ನೀರೆಲ್ಲ ಸೀರೆಯ ಮೇಲೆ.

“ಕಾಯಿ ಒಡೆದಾಯ್ತು. ಟಗರನ್ನ ನೆರಳಿಗೆ ಕಟ್ಟಿ, ನೀರು ಕೊಡಿ. ಆಟ ಶುರು ಮಾಡಿ” ಎಂದೆ. ಮನೆಯಿಂದ ಸಿದ್ಧ ಮಾಡಿಕೊಂಡು ಹೋಗಿದ್ದ ಭಾಷಣದಲ್ಲಿ ಒಂದು ಸಾಲೂ ನೆನಪಾಗಲಿಲ್ಲ. ಬೆಳಕು ಹೋಗುವುದರೊಳಗೆ ಎಲ್ಲ ಪಂದ್ಯ ಮುಗಿಸುವ ಅವಸರದಲ್ಲಿದ್ದ ರೆಫ್ರಿ ತಕ್ಷಣ ಸೀಟಿ ಊದಿದ. ಕಾವ್ಯ ಉಸಿರು ಕಟ್ಟಿ ಗೆರೆ ದಾಟಿದಳು. ಅಲ್ಲಿಗೆ ಜನರ ಕಣ್ಣು ನನ್ನ ಮೇಲಿಂದಲೂ ಟಗರಿನ ಮೇಲಿಂದಲೂ ಸರಿಯಿತು.

ಮಂಜ ಹತ್ತಿರ ಬಂದು ಹಲ್ಲು ಕಚ್ಚಿ, “ಕರ್ದಿದ್ದಕ್ಕೆ ಮರ್ಯಾದೆ ಕಳ್ದಲ್ಲಕ್ಕಾ” ಎಂದ.

“ಯಾರದು ಕಳೀತು? ಒಬ್ಬರಾದರೂ ಎದ್ದು ಹೋದರಾ ನೋಡು.”

ಅವನು ನೋಡಿದ. ಯಾರೂ ಎದ್ದಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಗಂಡುಮಕ್ಕಳ ಫೈನಲ್ಲಿಗೆ ಮತ್ತೆ ಬೊಂಬು ನೆಟ್ಟರು, ಮತ್ತೆ ಬುಲೆಟ್‌ನನ್ನು ಎಳೆತಂದರು. ಇದು ನನಗೆ ಕೊಟ್ಟ ಉತ್ತರ ಎಂದು ಎಲ್ಲರಿಗೂ ಗೊತ್ತಿತ್ತು. ಎದ್ದೆ. ಈ ಸಲ ಮಂಡಿ ನೋಯುತ್ತಿತ್ತು, ಭಯವೂ ಇತ್ತು. ಟಗರಿಗೂ ಕಾಯಿಗೂ ನಡುವೆ ಹೋಗಿ ನಿಂತೆ. ಮೈಕಿನವನು “ನಮ್ಮ ಹೆಮ್ಮೆಯ...” ಎಂದು ಶುರುಮಾಡಿ ಕೆಮ್ಮಿದ. ಹೆಂಗಸರ ಕಡೆಯಿಂದ ಯಾರೋ “ಹುಡುಗ್ರಾ, ಕೈ ಇಲ್ವೇನ್ರೋ ನಿಮ್ಗೆ? ಒಡೀಲಿ ಬಿಡ್ರೋ ಅವ್ಳೇ!” ಎಂದು ಕೂಗಿದರು. ಯಾರೆಂದು ತಿರುಗಿ ನೋಡಲಿಲ್ಲ. ನೋಡಿದ್ದರೆ ಅದೂ ಒಂದು ಕಥೆಯಾಗಿಬಿಡುತ್ತಿತ್ತು. ನಾನು ಹಗ್ಗ ಬಿಡಿಸಿ ಕಲ್ಲಿಗೆ ಹೊಡೆದ ಎರಡನೇ ಕಾಯಿ ಮೊದಲ ಏಟಿಗೇ ಒಡೆಯಿತು. ಅಭ್ಯಾಸ.

ಇದನ್ನು ಅಂದು ಸಂಜೆಯೇ ದಿನಚರಿಯಲ್ಲಿ ಬರೆದಿಟ್ಟೆ, ಬೊಂಬು ವಾಲಿದ್ದನ್ನೂ ಬಿಡದೆ. ತಲೆನೋವಿನ ಬಗ್ಗೆ ಬರೆಯಲಿಲ್ಲ.

ಮಂಜ ಇನ್ನೂ ಮಾತು ಬಿಟ್ಟಿದ್ದಾನೆ. ತಾಯಿಯ ಮಗ. ಬುಲೆಟ್ ಅವನ ಹಿತ್ತಲಲ್ಲೇ ಇದೆ. ಮುಂದಿನ ತಿಂಗಳು ಹಳೇಬೀಡಿನ ಕಡೆ ಪಂದ್ಯವಿದೆಯಂತೆ, ಒಯ್ಯುತ್ತಾರೋ ಇಲ್ಲವೋ ಗೊತ್ತಿಲ್ಲ. ಕಾವ್ಯ ಮಾತ್ರ ಅವರ ತಂಡದ ಹೊಸ ಅಂಗಿಯ ಫೋಟೋ ಕಳಿಸಿದ್ದಾಳೆ, ಬೆನ್ನ ಮೇಲೆ ಕೊಂಬು ಚಾಚಿದ ಟಗರಿನ ಚಿತ್ರ. ಚೆನ್ನಾಗಿದೆ. ಮೊನ್ನೆ ಊರಿನ ಕಡೆ ಹೋದಾಗ ಮಂಜನ ಹಿತ್ತಲಿನ ಬೇಲಿಯಾಚೆ ನನ್ನ ಫ್ಲೆಕ್ಸು ಕಂಡಿತು. ಕೊಬ್ಬರಿ ಮಟ್ಟೆಯ ರಾಶಿಗೆ ಹೊದಿಸಿದ್ದ. ನನ್ನ ಮುಖದ ಭಾಗ ಮಡಚಿ ಕೆಳಗೆ ಹೋಗಿದೆ. ಕಪ್ಪು ಕನ್ನಡಕದ ಟಗರು ಮಾತ್ರ ಸುಡುವ ಬಿಸಿಲಿಗೆ ಮೈಯೊಡ್ಡಿ ನಿಂತಿದೆ. ನಿಲ್ಲಲಿ. ಅದಕ್ಕೆ ಬಾಯಾರಿಕೆ ಇಲ್ಲ, ಪಟಾಕಿ ಕೇಳಿಸುವುದಿಲ್ಲ. ಮ್ಯಾಸ್ಕಾಟ್ ಆಗಲು ಅದೊಂದೇ ಯೋಗ್ಯವಾದ ಟಗರು.

ಆಚೆ ನೆರಳಿನಲ್ಲಿ ಬುಲೆಟ್ ಮೆಲುಕು ಹಾಕುತ್ತಿತ್ತು. ನೀಲಿ ಬಣ್ಣ ಅರ್ಧ ಮಾಸಿತ್ತು. ಬೇಲಿಯ ಮೇಲಿಂದ ಅಂಗೈ ಚಾಚಿದೆ. ಬರಲಿಲ್ಲ. ಹಿಂದಕ್ಕೂ ಸರಿಯಲಿಲ್ಲ.

ಮುಂದಿನ ವರ್ಷ ನನ್ನನ್ನು ಕರೆಯುವುದಿಲ್ಲವೆಂದು ಕಮಿಟಿ ತೀರ್ಮಾನ ಮಾಡಿದೆಯಂತೆ. ಬೇಕರಿಯವನೇ ಹೇಳಿದ, ಬ್ರೆಡ್ಡು ಕಟ್ಟಿಕೊಡುತ್ತ. ಕರೆಯದಿದ್ದರೆ ಬೇಡ. ಟೆಂಪೋ ಇದೆ, ದಾರಿ ಗೊತ್ತಿದೆ. ಕಾಯಿ ನಾನೇ ತರುತ್ತೇನೆ.